ಬೀಗರೂಟದಲ್ಲಿ ಸಿಕ್ಕ ಹಳೆಯ ಫುಟ್ಬಾಲ್ ಆಟಗಾರರು: ನಾನು ಕೇಳಬಾರದ್ದನ್ನೇ ಕೇಳಿದೆನೇ?

ಪಂಕ್ತಿಯ ಕೊನೆಯವನು

ಕಳೆದ ವಾರ ನನ್ನ ಸೋದರತ್ತೆಯ ಮಗನ ಮದುವೆಯ ಬೀಗರೂಟವಿತ್ತು. ನಾವು ಮಂಡ್ಯದ ಕಡೆಯವರು. ಹೆಣ್ಣಿನ ಮನೆಯವರು ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ ಮೂರು ತಲೆಮಾರಿನಿಂದ ನೆಲೆ ನಿಂತವರು. ಬೀಗರಿಗೆ ಯಾವ ಕೊರತೆಯೂ ಆಗದಂತೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಅವರಲ್ಲಿ ಹುಡುಗಿಯ ದೊಡ್ಡಪ್ಪ ಒಬ್ಬರು. ಎಪ್ಪತ್ತು ದಾಟಿದವರು, ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಗುಂಪು ಫೋಟೋಗೆ ಎಲ್ಲರೂ ಕೈ ಜೋತುಬಿಟ್ಟು ನಿಂತರೆ ಇವರು ನೇರವಾಗಿ ಹಿಂದಿನ ಸಾಲಿನ ತುದಿಗೆ ಹೋಗಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿ, ಗದ್ದ ಎತ್ತಿ ನಿಂತರು. ಫೋಟೋದವನು "ಕೈ ಬಿಡಿ ಸರ್" ಎಂದ. ಬಿಟ್ಟರು. ಅವನು ಕ್ಯಾಮೆರಾಗೆ ಕಣ್ಣು ಕೊಡುವಷ್ಟರಲ್ಲಿ ಮತ್ತೆ ಕಟ್ಟಿದ್ದರು.

ಊಟಕ್ಕೆ ನೆಲದ ಮೇಲೆ ಪಂಕ್ತಿ. ಅವರಿಗೆ ಕೂರಲು ಆಗಲಿಲ್ಲ. ಕುರ್ಚಿ ತಂದು, ಮುಂದೆ ಒಂದು ಸ್ಟೂಲು ಇಟ್ಟು ಎಲೆ ಹಾಕಿದೆ. ನಮ್ಮ ಭಾವ "ಮಂಡಿ ನೋವೇ?" ಎಂದು ಕೇಳಿದರು. "ನೋವಲ್ಲಪ್ಪ, ಫುಟ್ಬಾಲ್ ಕೊಟ್ಟ ಪಿಂಚಣಿ" ಎಂದರು. ಹಾಗೆ ಮಾತು ಹೊರಟಿತು. ಬೆಂಗಳೂರಿನ ಒಂದು ಸಾರ್ವಜನಿಕ ಉದ್ಯಮದ ತಂಡದಲ್ಲಿ ಆಡಿದರಂತೆ, ಆಮೇಲೆ ಕೋಲ್ಕತ್ತದಲ್ಲಿ ಎರಡು ಋತು, ಮತ್ತೆ ಹಿಂದಿರುಗಿ ಅದೇ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೆ ಕೆಲಸ. ಎಡಗಾಲಿನ ಆಟ, ಎಡಬದಿಯ ಮುಂಚೂಣಿ ಆಟಗಾರ.

ನನಗೆ ಗೊತ್ತಿರುವುದು ಕ್ರಿಕೆಟ್ ಮಾತ್ರ. ಏನು ಕೇಳಬೇಕೆಂದು ತಿಳಿಯದೆ "ಸುನಿಲ್ ಛೇತ್ರಿ ನಿಮಗೆ ಗೊತ್ತೇ?" ಎಂದೆ. "ನನಗೆ ಅವರು ಗೊತ್ತು, ಅವರಿಗೆ ನಾನು ಗೊತ್ತಿಲ್ಲ" ಎಂದು ನಕ್ಕರು. ಭಾವ ಒಂದು ಹೆಜ್ಜೆ ಮುಂದೆ ಹೋಗಿ "ಆಗ ಎಷ್ಟು ಕೊಡುತ್ತಿದ್ದರು?" ಎಂದರು. "ಎಲೆಯ ಮುಂದೆ ಲೆಕ್ಕ ಬೇಡ" ಎಂದು ಮುದ್ದೆ ಮುರಿದರು.

ಇಲ್ಲಿಯವರೆಗೆ ಪರವಾಗಿಲ್ಲ. ನಂತರ ಒಂದು ರೈಲಿನ ಕಥೆ ಹೇಳಿದರು. ಕೋಲ್ಕತ್ತದ ಕ್ಲಬ್ಬಿನವನೊಬ್ಬ ಇವರನ್ನು ಮದ್ರಾಸಿನಿಂದ ಹೌರಾ ಮೇಲ್‌ನಲ್ಲಿ ಕರೆದುಕೊಂಡು ಹೋದನಂತೆ. ದಾರಿಯುದ್ದಕ್ಕೂ ಯಾರ ಜೊತೆಯೂ ಮಾತನಾಡಕೂಡದು ಎಂದು ಕಟ್ಟಪ್ಪಣೆ. ಹೌರಾ ನಿಲ್ದಾಣದಲ್ಲಿ ಎದುರಾಳಿ ಕ್ಲಬ್ಬಿನವರು ಕಾಯುತ್ತಿರುತ್ತಾರೆಂದು ಖರಗ್‌ಪುರದಲ್ಲಿಯೇ ಇಳಿಸಿ ಕಾರಿಗೆ ಹತ್ತಿಸಿದನಂತೆ. ಪಾಯಸ ಬಡಿಸುವಾಗ ಅದೇ ಕಥೆಯನ್ನು ಮೊದಲಿನಿಂದ ಶುರು ಮಾಡಿದರು. ನಾನು ಬಾಯಿ ತಪ್ಪಿ "ಆಗಲೇ ಹೇಳಿದಿರಲ್ಲ" ಎಂದುಬಿಟ್ಟೆ. ಅಮ್ಮ ಹಿಂದಿನಿಂದ ತೋಳು ಚಿವುಟಿದಳು. ಅವರು "ಹೌದೇ?" ಎಂದವರು ಮತ್ತೆ ಮಾತನಾಡಲಿಲ್ಲ. ಎಲೆಅಡಿಕೆ ತೆಗೆದುಕೊಂಡು ಹೋಗಿ ಬಸ್ಸಿನಲ್ಲಿ ಕುಳಿತರು.

ಮುಂದಿನ ತಿಂಗಳು ಹುಡುಗ, ಹುಡುಗಿಯ ಹೊಸ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದೆ, ಅವರು ಬರುತ್ತಾರೆ. ಅಂಥವರನ್ನು ಏನು ಕೇಳಬೇಕು? ತಿಳಿದವರು ಹೇಳಿ.

ಹಲಸೂರಿನ ಹಳಬ

ಆಸ್ಟಿನ್ ಟೌನ್ ಎಂದ ಕೂಡಲೇ ಅರ್ಧ ಕಥೆ ತಿಳಿಯಿತು. ನಿಮ್ಮ ಮಂಡ್ಯದಲ್ಲಿ ಕಬ್ಬು ಹೇಗೋ ನಮ್ಮ ದಂಡು ಪ್ರದೇಶದಲ್ಲಿ ಫುಟ್ಬಾಲ್ ಹಾಗೆ. ಬ್ರಿಟಿಷ್ ಪಲ್ಟನ್ನುಗಳು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ಹುಡುಗರು ಬರಿಗಾಲಿನಲ್ಲಿ ಕಲಿತ ಆಟ ಅದು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಶಿವಾಜಿನಗರ ಎಲ್ಲಿ ಹೋದರೂ ಒಂದೊಂದು ಮನೆಯಲ್ಲಿ ಒಬ್ಬ ಆಟಗಾರ. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆಯಲ್ಲಿ ಪೆಲೆಯ ಪ್ರತಿಮೆಯೂ ಇದೆ. ಪೂಜೆಗೆ ಬೆಂಗಳೂರಿಗೆ ಬಂದಾಗ ಹೋಗಿ ನೋಡಿ.

ನಿಮ್ಮ ಬೀಗರನ್ನು ಭೇಟಿಯಾಗುವ ಮೊದಲು ಇಷ್ಟು ತಿಳಿದುಕೊಳ್ಳಿ. ಮುಂಬೈಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಕೋಲ್ಕತ್ತದ್ದಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಲ್ಲಿ ಸೋತಿತು, ಎರಡು ಪೆನಾಲ್ಟಿ ಹಾಳು ಮಾಡಿಕೊಂಡಿತು. ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ದೇಶದ ಮೊದಲ ಫುಟ್ಬಾಲ್ ಗೋಲು, ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಪಂಚಪಾಂಡವರು ಎಂದು ಇಡೀ ಬಂಗಾಳ ಕೊಂಡಾಡಿದ ಐವರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಇಬ್ಬರೂ ಇಲ್ಲಿಯವರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು.

ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಬೇರೆ ಇದೆ. ಮೈಸೂರು ಎಂಬ ಹೆಸರಿನಲ್ಲಿ 1946-47, 1952-53, 1967-68, 1968-69ರಲ್ಲಿ ಗೆದ್ದೆವು. ಆಮೇಲೆ ರಾಜ್ಯದ ಹೆಸರು ಬದಲಾಯಿತು, ಗೆಲುವು ಮಾತ್ರ ಬರಲಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ 54 ವರ್ಷ ಕಳೆದಿದ್ದವು. ನಿಮ್ಮ ಬೀಗರು ಆಡಿದ್ದು ಸರಿಯಾಗಿ ಆ ಬರಗಾಲದಲ್ಲಿ. ಹಾಗಾಗಿ ಅವರ ಕಾಲದವರ ಹೆಸರು ಯಾರ ಬಾಯಲ್ಲಿಯೂ ಇಲ್ಲ.

ರೈಲಿನ ಕಥೆ ಕೇಳಿ ನನಗೆ ನಗು ಬಂತು, ಏಕೆಂದರೆ ಆ ಕಾಲದ ಕೋಲ್ಕತ್ತದ ವರ್ಗಾವಣೆ ಎಂದರೆ ಅದೇ. ಸಹಿ ಬೀಳುವ ತನಕ ಆಟಗಾರನನ್ನು ಹೋಟೆಲಿನಲ್ಲೋ ಅಭಿಮಾನಿಯೊಬ್ಬನ ಮನೆಯಲ್ಲೋ ಬಚ್ಚಿಡುತ್ತಿದ್ದರು. ಹೆಣ್ಣು ಕದ್ದು ಮದುವೆ ಮಾಡಿಸಿದಂತೆ!

ಸಂಶಯಾತ್ಮ

ಬೇಸರ ಮಾಡಿಕೊಳ್ಳಬೇಡಿ. ಮದುವೆ ಮನೆಗಳಲ್ಲಿ ನನಗೆ ಇದುವರೆಗೆ ನಾಲ್ವರು ಸಂತೋಷ್ ಟ್ರೋಫಿ ಆಟಗಾರರು, ಇಬ್ಬರು ರಣಜಿ ಆಟಗಾರರು, ರಾಜ್‌ಕುಮಾರ್ ಅವರ ಜೊತೆ ಒಂದೇ ತಟ್ಟೆಯಲ್ಲಿ ಉಂಡ ಒಬ್ಬರು ಸಿಕ್ಕಿದ್ದಾರೆ. ಕಾರ್ಖಾನೆಯ ತಂಡಕ್ಕೆ ನೀರು ಹೊತ್ತವರೂ ಇಪ್ಪತ್ತು ವರ್ಷ ಕಳೆದ ಮೇಲೆ ನಾಯಕರಾಗುತ್ತಾರೆ. ಕೋಲ್ಕತ್ತದ ಎರಡು ಋತು ಎಂದರೆ ಯಾವ ಕ್ಲಬ್? ಮೊದಲ ದರ್ಜೆಯ ಲೀಗೇ? ಅಲ್ಲದೆ ಕಾರ್ಖಾನೆಯಲ್ಲಿ ಸಂಬಳ ಎಣಿಸಿಕೊಂಡವರನ್ನು ವೃತ್ತಿಪರ ಆಟಗಾರರು ಎನ್ನುವುದು ಹೇಗೆ?

ಹಲಸೂರಿನ ಹಳಬ

ಕೊನೆಯ ಪ್ರಶ್ನೆ ನ್ಯಾಯವಾದದ್ದು. ರಾಷ್ಟ್ರೀಯ ಲೀಗ್ ಶುರುವಾದದ್ದೇ 1996ರಲ್ಲಿ. ಅದಕ್ಕೆ ಮೊದಲು ನಮ್ಮಲ್ಲಿ ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳು. ಟೆಲಿಫೋನ್ ತಯಾರಿಸುವ ಐಟಿಐ, ವಿಮಾನ ತಯಾರಿಸುವ ಎಚ್‌ಎಎಲ್‌ನಂಥ ಸಂಸ್ಥೆಗಳು ಆಟ ನೋಡಿ ನೌಕರಿ ಕೊಡುತ್ತಿದ್ದವು. ಬೆಳಗ್ಗೆ ಅಭ್ಯಾಸ, ಆಮೇಲೆ ಹಾಜರಿ ಪುಸ್ತಕ, ಪಂದ್ಯಾವಳಿಗೆ ರಜೆ. ಕೋಲ್ಕತ್ತದ ಕ್ಲಬ್ಬುಗಳು ಕೈಗೆ ಹಣ ಕೊಡುತ್ತಿದ್ದವು, ಉಳಿಯಲು ಮೆಸ್ಸು. ನೌಕರಿಗಳನ್ನು ನಿರಾಕರಿಸಿ ಆಟವನ್ನೇ ನಂಬಿ ಬದುಕಿದ ಹೈದರಾಬಾದಿನ ಮೊಹಮ್ಮದ್ ಹಬೀಬ್ ಅವರನ್ನು ದೇಶದ ಮೊದಲ ನಿಜವಾದ ವೃತ್ತಿಪರ ಎಂದು ಕರೆಯುತ್ತಾರೆ. ಹಾಗೆ ಅವರೊಬ್ಬರನ್ನು ಬೊಟ್ಟು ಮಾಡಿ ತೋರಿಸುತ್ತಾರೆ ಎಂದರೆ ಉಳಿದವರ ಸ್ಥಿತಿ ಊಹಿಸಿಕೊಳ್ಳಿ. ದಿನಕ್ಕೆ ಐದು ಗಂಟೆ ಮೈದಾನದಲ್ಲಿ ಮಂಡಿ ಸವೆಸಿದವರನ್ನು ಹವ್ಯಾಸಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಪಂಕ್ತಿಯ ಕೊನೆಯವನು

ಸಂಶಯಾತ್ಮರೇ, ಒಂದು ಮಾತು ಬರೆಯಲು ಮರೆತಿದ್ದೆ. ಪೆಲೆ ಕೋಲ್ಕತ್ತಕ್ಕೆ ಬಂದಾಗ ಅವರು ಅಲ್ಲಿಯೇ ಇದ್ದರಂತೆ. ಭಾವ ಹುರುಪಿನಿಂದ "ಪೆಲೆ ಎದುರು ಆಡಿದಿರಾ?" ಎಂದರು. "ಇಲ್ಲಪ್ಪ, ಆಡಿದ್ದು ಮೋಹನ್ ಬಾಗಾನ್. ನಾನು ಬೇರೆ ತಂಡ. ಗ್ಯಾಲರಿಯಲ್ಲಿ ಕುಳಿತು ನೋಡಿದೆ, ಮಳೆ ಬಂದು ಕೆಸರಾಗಿತ್ತು, ಅವರು ಹುಷಾರಾಗಿ ಆಡಿದರು" ಎಂದರು.

ಸಂಶಯಾತ್ಮ

ಹಾಗೋ. 1977ರ ಸೆಪ್ಟೆಂಬರ್ 24, ಈಡನ್ ಗಾರ್ಡನ್ಸ್, ಪೆಲೆಯ ತಂಡ ನ್ಯೂಯಾರ್ಕ್ ಕಾಸ್ಮೋಸ್ ವಿರುದ್ಧ 2-2. ಸುಳ್ಳು ಹೇಳುವ ಮನುಷ್ಯ ಈ ಅವಕಾಶವನ್ನು ಬಿಡುತ್ತಿರಲಿಲ್ಲ. ಮಂಡ್ಯದ ಪಂಕ್ತಿಯಲ್ಲಿ ಪೆಲೆಯ ಕಾಲಿನಿಂದ ಚೆಂಡು ಕಿತ್ತೆ ಎಂದಿದ್ದರೆ ಯಾರು ತಡೆಯುತ್ತಿದ್ದರು? ಗ್ಯಾಲರಿಯಲ್ಲಿ ಕುಳಿತಿದ್ದೆ ಎಂದರಲ್ಲ, ನಾನು ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ.

ಮಡಿಕೇರಿ ಮಂಜು

ನಮ್ಮಲ್ಲಿ ಇಂಥ ಸಮಸ್ಯೆಯೇ ಇಲ್ಲ. ಯಾವ ಸಮಾರಂಭಕ್ಕೆ ಹೋದರೂ ಹಾಕಿ ಆಡಿದವರು ಎಡಕ್ಕೊಬ್ಬರು ಬಲಕ್ಕೊಬ್ಬರು. ಯಾರೂ ಏನೂ ಕೇಳುವುದಿಲ್ಲ. ಬಡಿಸುವವನೂ ಆಡಿರುತ್ತಾನೆ.

ಮಂಡಿಚಿಪ್ಪು

ಫಿಸಿಯೋಥೆರಪಿ ನನ್ನ ವೃತ್ತಿ. ಅವರ ಮಂಡಿಯ ಬಗ್ಗೆ ಎರಡು ಮಾತು. ಮಂಡಿಯೊಳಗೆ ಮೂಳೆಗಳ ನಡುವೆ ಅರ್ಧಚಂದ್ರದ ಆಕಾರದ ಮೆತ್ತೆಗಳಿವೆ, ಮೆನಿಸ್ಕಸ್ ಎನ್ನುತ್ತೇವೆ. ಓಡುತ್ತಾ ಥಟ್ಟನೆ ತಿರುಗುವ ಆಟಗಾರರಿಗೆ ಅದು ಹರಿಯುವುದು ಸಾಮಾನ್ಯ. ಇಂದು ಶಸ್ತ್ರವೈದ್ಯರು ಸಣ್ಣ ರಂಧ್ರದ ಮೂಲಕ ಹೊಲಿಯುತ್ತಾರೆ ಅಥವಾ ಹರಿದಷ್ಟನ್ನೇ ಕತ್ತರಿಸುತ್ತಾರೆ. ಎಪ್ಪತ್ತರ ದಶಕದಲ್ಲಿ ಮಂಡಿ ಬಿಚ್ಚಿ ಇಡೀ ಮೆತ್ತೆಯನ್ನು ತೆಗೆದುಬಿಡುವುದೇ ವಾಡಿಕೆಯಾಗಿತ್ತು. ಕೆಲವು ತಿಂಗಳಲ್ಲಿ ಆಟಗಾರ ಮತ್ತೆ ಓಡುತ್ತಿದ್ದ, ಎಲ್ಲರಿಗೂ ಸಂತೋಷ. ಮೂಳೆಗೆ ಮೂಳೆ ಉಜ್ಜಿ ಸವೆಯುವುದು ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಗೊತ್ತಾಗುತ್ತದೆ, ಅಷ್ಟು ಹೊತ್ತಿಗೆ ಕ್ಲಬ್ಬಿನವರು ಯಾರೂ ಇರುವುದಿಲ್ಲ. ಆದ್ದರಿಂದ ಕುರ್ಚಿ ತಂದದ್ದು ನೀವು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ. ಪೂಜೆಯ ದಿನ ಅವರನ್ನು ನೆಲದ ಮೇಲೆ ಕೂರಿ ಎಂದು ಯಾರೂ ಒತ್ತಾಯಿಸದಂತೆ ನೋಡಿಕೊಳ್ಳಿ. ಕುರ್ಚಿಗೆ ತೋಳು ಇರಲಿ, ಏಳುವಾಗ ಆಸರೆ ಬೇಕು.

ಬರ್ಮಿಂಗ್‌ಹ್ಯಾಮಿನಿಂದ

ನಾನು ಹೇಳುವುದು ಸ್ವಲ್ಪ ಕಹಿ. ಒಂದೇ ಕಥೆ ಒಂದೇ ಊಟದಲ್ಲಿ ಎರಡು ಬಾರಿ ಬಂತು ಎಂದಿರಿ. ನಾನಿರುವ ಊರಿನ ಪಕ್ಕದಲ್ಲಿಯೇ ವೆಸ್ಟ್ ಬ್ರಾಮಿಚ್ ಆಲ್ಬಿಯನ್ ತಂಡದ ಮೈದಾನ. ಅದರ ಮುಂಭಾಗದ ಒಂದು ದ್ವಾರಕ್ಕೆ ಜೆಫ್ ಆಸ್ಟಲ್ ಅವರ ಹೆಸರಿದೆ. 1968ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದವರು, ತಲೆಯಿಂದ ಚೆಂಡು ಹೊಡೆಯುವುದರಲ್ಲಿ ನಿಸ್ಸೀಮರು. 2002ರಲ್ಲಿ 59ನೆಯ ವಯಸ್ಸಿಗೆ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಮರೆವು. ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಅದನ್ನು ಔದ್ಯೋಗಿಕ ಕಾಯಿಲೆ ಎಂದು ದಾಖಲಿಸಿದರು, ಗಣಿಯವರಿಗೆ ಧೂಳಿನ ಕಾಯಿಲೆ ಬಂದಂತೆ.

2019ರಲ್ಲಿ ಗ್ಲ್ಯಾಸ್ಗೋದ ಸಂಶೋಧಕರು ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆ ತೆಗೆದು ನೋಡಿದರು. ಮೆದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಂಭವ ಸಾಮಾನ್ಯರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು. ಹೃದಯದ ಕಾಯಿಲೆಯಿಂದ ಸತ್ತವರು ಮಾತ್ರ ಕಡಿಮೆ, ಅದೂ ಹೇಳಬೇಕು. ಮುಂದಿನ ಅಧ್ಯಯನದಲ್ಲಿ ರಕ್ಷಣಾ ಆಟಗಾರರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು, ಗೋಲ್‌ಕೀಪರುಗಳಿಗೆ ಸಾಮಾನ್ಯರಷ್ಟೇ ಎಂದು ಕಂಡಿತು. ಈಗ ಇಲ್ಲಿ ಚಿಕ್ಕ ಮಕ್ಕಳಿಗೆ ಅಭ್ಯಾಸದಲ್ಲಿ ತಲೆಯಿಂದ ಹೊಡೆಯುವುದನ್ನು ಕಲಿಸುವುದಿಲ್ಲ. ಮಳೆಯಲ್ಲಿ ನೆನೆದ ತೊಗಲಿನ ಚೆಂಡಿನ ಭಾರ ಆ ತಲೆಮಾರಿನವರನ್ನೇ ಕೇಳಬೇಕು. ಮನೆಯವರು ಒಮ್ಮೆ ವೈದ್ಯರಿಗೆ ತೋರಿಸಿದರೆ ಒಳ್ಳೆಯದು. ಹೆದರಿಸಲು ಹೇಳುತ್ತಿಲ್ಲ.

ಗೋಲ್‌ಕೀಪರ್ ಮಗಳು

ಹೆದರಿಸುತ್ತಲೇ ಇದ್ದೀರಿ ಸರ್. ಒಂದು ಊಟ, ಎರಡು ಕಥೆ, ಅಷ್ಟಕ್ಕೆ ಗ್ಲ್ಯಾಸ್ಗೋ ತನಕ ಹೋಗಿಬಂದಿರಿ.

ನನ್ನ ತಂದೆ ಬೆಂಗಳೂರಿನ ಇನ್ನೊಂದು ಕಾರ್ಖಾನೆಯ ತಂಡದಲ್ಲಿ ಹನ್ನೊಂದು ವರ್ಷ ಗೋಲ್‌ಕೀಪರ್ ಆಗಿದ್ದರು. ಸ್ಟಾಫರ್ಡ್ ಕಪ್ಪಿನಲ್ಲಿ ಒಂದು ಪೆನಾಲ್ಟಿ ತಡೆದ ಕಥೆಯನ್ನು ನಾನು ಹುಟ್ಟಿದಂದಿನಿಂದ ಕೇಳುತ್ತಿದ್ದೇನೆ. ಅದೇ ದಿನ ಎರಡು ಬಾರಿ ಕೇಳಿದ್ದೂ ಇದೆ. ಹಾಲಿನವನ ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಆದರೆ ಇಂದಿಗೂ ಹಿಡಿಯುತ್ತಾರೆ. ಅವರು ಮತ್ತೆ ಹೇಳುವುದು ಮರೆತು ಅಲ್ಲ, ಮೊದಲ ಸಲ ಹೇಳಿದಾಗ ಯಾರೂ ಸರಿಯಾಗಿ ಕೇಳಲಿಲ್ಲ ಎಂದು. ನಿಮ್ಮ ಪಂಕ್ತಿಯಲ್ಲಿ ಆ ಕಥೆಯ ಮಧ್ಯದಲ್ಲಿ ಸಾರು ಬಡಿಸುವವನು ಬಂದನೇ? ಪಕ್ಕದವರು ಉಪ್ಪು ಕೇಳಿದರೇ? ಕೇಳಿರುತ್ತಾರೆ, ನನಗೆ ಗೊತ್ತು.

ಆಟಗಾರರ ಮನೆಯವರು ಹೇಗಿರುತ್ತೇವೆ ಎಂಬುದನ್ನೂ ಹೇಳಿಬಿಡುತ್ತೇನೆ. ಮದುವೆಗೆ ಹೋದರೆ ಯಾರಾದರೂ ಒಬ್ಬರು ಕಿತ್ತಳೆ ಹಣ್ಣನ್ನು ಅಪ್ಪನ ಕಡೆಗೆ ಎಸೆದು "ಹಿಡಿಯಿರಿ ನೋಡೋಣ" ಎನ್ನುತ್ತಿದ್ದರು. ಅಪ್ಪ ಹಿಡಿಯುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿ ಕ್ರಿಕೆಟ್ ಮಾತಿಗೆ ಮರಳುತ್ತಿದ್ದರು. ಅವರ ಬೆರಳುಗಳ ಗಂಟು ಊದಿ, ಮದುವೆಯ ಉಂಗುರವನ್ನು ಕೊನೆಗೆ ಅಕ್ಕಸಾಲಿಗನೇ ಕತ್ತರಿಸಿ ತೆಗೆದ. ಆ ಬೆರಳುಗಳ ಬಗ್ಗೆ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಏನು ಕೇಳಬೇಕು ಎಂದಿರಲ್ಲ. "ನಿಮ್ಮ ಅತ್ಯುತ್ತಮ ಪಂದ್ಯ ಯಾವುದು" ಎನ್ನಬೇಡಿ, ಅದಕ್ಕೆ ಅವರ ಹತ್ತಿರ ಸಿದ್ಧ ಉತ್ತರ ಇರುತ್ತದೆ. ಚಿಕ್ಕದನ್ನು ಕೇಳಿ. ಮೆಸ್ಸಿನಲ್ಲಿ ಕೋಣೆಯ ಜೊತೆಗಾರ ಯಾರು, ಅನ್ನಕ್ಕೆ ಏನು ಹಾಕುತ್ತಿದ್ದರು, ಬೂಟು ಎಲ್ಲಿ ಹೊಲಿಸಿದಿರಿ, ಯಾವ ರಕ್ಷಣಾ ಆಟಗಾರನನ್ನು ಎಷ್ಟು ಹೆಣಗಿದರೂ ದಾಟಲು ಆಗಲಿಲ್ಲ. ಕೊನೆಯದನ್ನು ತಪ್ಪದೆ ಕೇಳಿ. ಹಳೆಯ ಆಟಗಾರರು ತಾವು ಗೆದ್ದವರಿಗಿಂತ ತಮ್ಮನ್ನು ತಡೆದವರ ಬಗ್ಗೆ ಹೆಚ್ಚು ಪ್ರೀತಿಯಿಂದ ಮಾತನಾಡುತ್ತಾರೆ. ರೈಲಿನ ಕಥೆ ಮತ್ತೆ ಬಂದರೆ ಬರಲಿ. ಅದರೊಳಗೇ ಒಂದು ಪ್ರಶ್ನೆ ಕೇಳಿ ನೋಡಿ.

ಬರ್ಮಿಂಗ್‌ಹ್ಯಾಮಿನಿಂದ

ಒಪ್ಪಿದೆ ಅಮ್ಮ. ಇಲ್ಲಿ ಇದನ್ನು ಹತ್ತಿರದಿಂದ ಕಂಡವನು, ಕೈ ತಾನಾಗಿ ಬರೆಯಿತು.

ಹಲಸೂರಿನ ಹಳಬ

ಮತ್ತೊಂದು. ಅವರ ಬಳಿ ಪತ್ರಿಕೆಯ ತುಣುಕುಗಳಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಆ ಕಾಲದ ನ್ಯೂಸ್‌ಪ್ರಿಂಟ್ ಕೈಯಲ್ಲೇ ಪುಡಿಯಾಗುತ್ತದೆ. ಆಸ್ಟಿನ್ ಟೌನಿನವರೇ ಆದ ಕಾರ್ಲ್‌ಟನ್ ಚಾಪ್‌ಮನ್ ಈಸ್ಟ್ ಬೆಂಗಾಲ್ ಪರ 1993ರಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದವರು, 2020ರಲ್ಲಿ 49ನೆಯ ವಯಸ್ಸಿಗೇ ಹೋದರು. ಅವರ ಬಗ್ಗೆ ಓದಲು ಏನಾದರೂ ಸಿಗುತ್ತದೆ, ದೊಡ್ಡ ಹೆಸರು. ನಿಮ್ಮ ಬೀಗರಂಥವರ ಬಗ್ಗೆ ಆ ತುಣುಕು ಬಿಟ್ಟರೆ ಬೇರೆ ಏನೂ ಇರುವುದಿಲ್ಲ.

ಪಂಕ್ತಿಯ ಕೊನೆಯವನು

ಪೂಜೆ ಮುಗಿಸಿ ಬಂದೆ. ಬರೆಯಲು ಬಹಳ ಇದೆ, ಮುಖ್ಯವಾದದ್ದು ಮಾತ್ರ ಹೇಳುತ್ತೇನೆ.

ತೋಳಿರುವ ಕುರ್ಚಿಯನ್ನು ಮೊದಲೇ ಹಾಕಿಸಿದ್ದೆ. ನನ್ನನ್ನು ನೋಡಿ "ಮಂಡ್ಯದವರು" ಎಂದು ಗುರುತಿಸಿದರು. ಹತ್ತು ನಿಮಿಷದಲ್ಲಿ ರೈಲಿನ ಕಥೆ ಬಂತು. ಈ ಬಾರಿ ನಾನು "ದೊಡ್ಡಪ್ಪನವರೇ, ಅಷ್ಟು ದೂರ ದಾರಿಯಲ್ಲಿ ಊಟಕ್ಕೆ ಏನು ಮಾಡಿದಿರಿ?" ಎಂದೆ. ನಿಲ್ಲಿಸಿದರು. ಸ್ವಲ್ಪ ಹೊತ್ತು ಸಜ್ಜಿಗೆಯ ದೊನ್ನೆಯನ್ನೇ ನೋಡಿದರು. ತಾಯಿ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿ ಇತ್ತಂತೆ. ಎರಡನೆಯ ದಿನಕ್ಕೆ ಹುಳಿಬಂದು ವಾಸನೆ ಹೊಡೆಯಿತು. ಕ್ಲಬ್ಬಿನವನು ಎಸೆಯಿರಿ, ಖರಗ್‌ಪುರದಲ್ಲಿ ಪೂರಿ ಕೊಡಿಸುತ್ತೇನೆ ಎಂದ. ಇವರು ಬಾಗಿಲ ಬಳಿ ಹೋಗಿ ಎಸೆದಂತೆ ಮಾಡಿ, ಅಲ್ಲಿಯೇ ನಿಂತು ತಿಂದು ಮುಗಿಸಿದರು. ಮೈದಾನದಲ್ಲಿ ಮೊದಲ ಅಭ್ಯಾಸದ ದಿನ ಹೊಟ್ಟೆ ಕೆಟ್ಟು ಓಡಲು ಆಗಲಿಲ್ಲ. ತರಬೇತುದಾರ "ಬೆಂಗಳೂರಿನಿಂದ ತಂದದ್ದು ಇದನ್ನೇ?" ಎಂದು ಕ್ಲಬ್ಬಿನವನನ್ನು ಬೈದರಂತೆ. ಅವರ ಹೆಂಡತಿ ಒಳಗಿನಿಂದ ಬಂದು "ನಲವತ್ತೈದು ವರ್ಷವಾಯಿತು, ಇದನ್ನು ನನಗೆ ಹೇಳೇ ಇಲ್ಲವಲ್ಲ" ಎಂದರು. "ನೀನು ಖರಗ್‌ಪುರಕ್ಕೆ ಮೊದಲೇ ಎದ್ದು ಹೋಗುತ್ತಿದ್ದೆ" ಎಂದರು ಇವರು.

ತುಣುಕುಗಳನ್ನು ತಂದಿದ್ದರು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹನ್ನೆರಡು. ಎರಡರಲ್ಲಿ ಅವರ ಹೆಸರು ತಪ್ಪಾಗಿ ಅಚ್ಚಾಗಿದೆ. ಒಂದು ತಂಡದ ಫೋಟೋ ಇದೆ. ಹಿಂದಿನ ಸಾಲಿನ ತುದಿಯಲ್ಲಿ ಕೈ ಕಟ್ಟಿ, ಗದ್ದ ಎತ್ತಿ ನಿಂತಿದ್ದಾರೆ. ನಾನು ಬೀಗರೂಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಪಕ್ಕದಲ್ಲಿ ಇಟ್ಟೆ. ಕನ್ನಡಕ ಹಾಕಿಕೊಂಡು ನೋಡಿ "ಹೊಟ್ಟೆ ಬಂದಿಲ್ಲ, ನೋಡು" ಎಂದರು.

ಬೆಂಗಳೂರು ಫುಟ್ಬಾಲ್ ಕ್ರೀಡಾಂಗಣಕ್ಕೆ ಹೋಗಿ ಬಹಳ ವರ್ಷವಾಯಿತಂತೆ. ಭಾನುವಾರ ಲೀಗ್ ಪಂದ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಅಲ್ಲಿ ಈಗ ಕೃತಕ ಹುಲ್ಲು ಎಂದೆ. "ಹಾಗಾದರೆ ಜಾರಿ ಬಿದ್ದೆ ಎನ್ನುವ ನೆಪವೂ ಹೋಯಿತು" ಎಂದರು.

ಗೋಲ್‌ಕೀಪರ್ ಮಗಳೇ, ದಾಟಲಾಗದ ಆಟಗಾರನ ಪ್ರಶ್ನೆಯನ್ನೂ ಕೇಳಿದೆ. "ರಕ್ಷಣೆಯವರನ್ನು ಹೇಗಾದರೂ ದಾಟುತ್ತಿದ್ದೆ. ನಮ್ಮ ಊರಿನದೇ ಒಂದು ಕಾರ್ಖಾನೆಯ ಗೋಲ್‌ಕೀಪರ್ ಇದ್ದ, ಉದ್ದ ಕೈ, ಚೆಂಡು ಹಿಡಿಯುವಾಗ ಜೋರಾಗಿ ಕಿರುಚುತ್ತಿದ್ದ, ಅವನೊಬ್ಬ ಮಾತ್ರ" ಎಂದರು. ನಿಮ್ಮ ತಂದೆ ಯಾವ ಕಾರ್ಖಾನೆ ಎಂದು ಖಾಸಗಿಯಾಗಿ ತಿಳಿಸುವಿರಾ?

ಗೋಲ್‌ಕೀಪರ್ ಮಗಳು

ತಿಳಿಸಿದ್ದೇನೆ, ನೋಡಿ. ಅಪ್ಪನಿಗೆ ಇದೆಲ್ಲವನ್ನೂ ಓದಿ ಹೇಳಿದೆ. ಎರಡು ನಿಮಿಷ ಸುಮ್ಮನಿದ್ದು "ಆ ಎಡಗಾಲಿನವನೇ? ನನಗೆ ಒಂದು ಗೋಲೂ ಹೊಡೆದಿಲ್ಲ ಎಂದು ಬರೆ" ಎಂದರು. ಬರೆದಿದ್ದೇನೆ. ಭಾನುವಾರ ಕರೆತರುತ್ತೇನೆ, ತೋಳಿರುವ ಎರಡು ಕುರ್ಚಿ ಬೇಕಾಗುತ್ತದೆ.

ಪಂಕ್ತಿಯ ಕೊನೆಯವನು

ಫೋನ್ ಮಾಡಿ ಹೇಳಿದೆ. "ಎರಡು ಹೊಡೆದಿದ್ದೇನೆ. ಒಂದನ್ನು ರೆಫರಿ ಆಫ್‌ಸೈಡ್ ಎಂದರು, ಇನ್ನೊಂದು ಗೆರೆ ದಾಟಿತ್ತು, ಅವನು ಒಳಗಿನಿಂದ ಎಳೆದುಕೊಂಡ. ಭಾನುವಾರ ಅವನ ಬಾಯಿಂದಲೇ ಕೇಳುತ್ತೇನೆ" ಎನ್ನುತ್ತಿದ್ದಾರೆ.